ಡೆಮು ಇಳಿದು ಎಕ್ಸ್‌ಪ್ರೆಸ್ ಹತ್ತೋದು ಹ್ಯಾಂಗ್ರಿ? ಕಲಬುರಗಿ, ಬೀದರ್, ಯಾದಗಿರಿ ಮಂದಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಯಾದಗಿರಿಯವನು, ಕೆಲಸ ಕಲಬುರಗಿಯಲ್ಲಿ. ವರ್ಷಗಟ್ಟಲೆ ಪಾಸ್ ಮೇಲೆ ಓಡಾಡಿದ್ದಕ್ಕೆ ಡಬ್ಬಿಯಲ್ಲಿ ಪಕ್ಕ ಕೂತವರು ನನ್ನನ್ನು ನಡೆದಾಡುವ ಎನ್‌ಕ್ವೈರಿ ಕೌಂಟರ್ ಮಾಡಿಬಿಟ್ಟಿದ್ದಾರೆ. ಚಹಾ ಅಂಗಡಿ ಮುಂದೆ, ಮದುವೆ ಮನೆಯಲ್ಲಿ, ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ಗಾಡಿಗಳ ಸಮಯ ಮಾತ್ರ ಬರೆದಿಲ್ಲ. ಅದು ಬದಲಾಗುತ್ತಲೇ ಇರುತ್ತದೆ, ಹೊರಡುವ ದಿನವೇ ನೋಡಿಕೊಳ್ಳುವುದು ಒಳ್ಳೆಯದು.

## ಮೊದಲ ಸಲ ಹೊರಟವರಿಗೆ

ಪ್ಯಾಸೆಂಜರ್, ಡೆಮು, ಎಕ್ಸ್‌ಪ್ರೆಸ್, ಸೂಪರ್‌ಫಾಸ್ಟ್ ಅಂತಾರಲ್ರೀ, ಏನ್ ಫರಕ್?

ಪ್ಯಾಸೆಂಜರ್ ಮತ್ತು ಡೆಮು (ಡೀಸೆಲ್ ಮೇಲೆ ಓಡುವ ಸಣ್ಣ ದೂರದ ಗಾಡಿ) ಸಣ್ಣ ನಿಲ್ದಾಣಗಳಲ್ಲೂ ನಿಲ್ಲುತ್ತವೆ, ದರ ಎಲ್ಲಕ್ಕಿಂತ ಕಡಿಮೆ. ಎಕ್ಸ್‌ಪ್ರೆಸ್ ದರ ಅದಕ್ಕಿಂತ ಜಾಸ್ತಿ. ಸೂಪರ್‌ಫಾಸ್ಟ್ ಆದರೆ ಅದರ ಮೇಲೆ ಇನ್ನೊಂದು ಶುಲ್ಕ: ಜನರಲ್ ಡಬ್ಬಿಗೆ 15 ರೂಪಾಯಿ, ಸ್ಲೀಪರ್‌ಗೆ 30.

ಗಾಡಿಯ ಹೆಸರು ನೋಡಿ ಮೋಸ ಹೋಗಬೇಡಿ, ನಂಬರ್ ನೋಡಿ. ಐದು ಅಂಕಿಯಲ್ಲಿ ಮೊದಲನೆಯದು 5 ಇದ್ದರೆ ಮಾಮೂಲಿ ಪ್ಯಾಸೆಂಜರ್, 6 ಇದ್ದರೆ ಮೆಮು (ಡೆಮು ಥರದ್ದೇ, ಕರೆಂಟಿನ ಮೇಲೆ ಓಡುವುದು), 7 ಇದ್ದರೆ ಡೆಮು. 1 ಅಥವಾ 2 ಇದ್ದರೆ ದೂರದ ಗಾಡಿ. 12 ಅಥವಾ 22ರಿಂದ ಶುರುವಾದರೆ ಸೂಪರ್‌ಫಾಸ್ಟ್. 0 ಇದ್ದರೆ ವಿಶೇಷ ಗಾಡಿ. ಅದರ ದರವೂ ಕೆಲವು ಸಲ ವಿಶೇಷವಾಗಿಯೇ ಇರುತ್ತದೆ, ಟಿಕೆಟ್ ತೆಗೆಯುವ ಮುಂಚೆ ಕೇಳಿಕೊಳ್ಳಿ.

ನಮ್ಮ ಕಡಿ ಗಾಡಿ ಬದಲಿಸೋ ಟೇಷನ್ ಯಾವ್ಯಾವ ಅದಾವ?

ಮೊದಲನೆಯದು ವಾಡಿ. ಮುಂಬೈ ಕಡೆಯಿಂದ ಸೊಲ್ಲಾಪುರ, ಕಲಬುರಗಿ, ಶಹಾಬಾದ್ ದಾಟಿ ಬಂದ ಹಳಿ ಇಲ್ಲಿ ಎರಡಾಗುತ್ತದೆ. ಒಂದು ಯಾದಗಿರಿ, ರಾಯಚೂರು, ಗುಂತಕಲ್ ಮೇಲೆ ಬೆಂಗಳೂರು ಮತ್ತು ಚೆನ್ನೈ ಕಡೆಗೆ. ಇನ್ನೊಂದು ಚಿತ್ತಾಪುರ, ಸೇಡಂ, ತಾಂಡೂರು ಮೇಲೆ ಹೈದರಾಬಾದ್ ಕಡೆಗೆ. ಹಾಗಾಗಿ ಯಾದಗಿರಿಯವರು ಸೇಡಂಗೆ ಹೋಗಬೇಕಾದರೆ ಬಹುಮಟ್ಟಿಗೆ ವಾಡಿಯಲ್ಲೇ ಬದಲಿಸಬೇಕು. ಆದರೆ ಎಲ್ಲ ಗಾಡಿಯೂ ವಾಡಿಯಲ್ಲಿ ನಿಲ್ಲುವುದಿಲ್ಲ, ಇದು ನೆನಪಿರಲಿ.

ಎರಡನೆಯದು ಕಲಬುರಗಿ. 2017ರ ಅಕ್ಟೋಬರ್‌ನಲ್ಲಿ ಬೀದರ್–ಕಲಬುರಗಿ ಮಾರ್ಗ ಶುರುವಾದ ಮೇಲೆ ಹುಮನಾಬಾದ್, ಕಮಲಾಪುರದವರಿಗೂ ಇದೇ ಹೆಬ್ಬಾಗಿಲು. ಸುಮಾರು 110 ಕಿಲೋಮೀಟರ್ ದಾರಿ. ಅದಕ್ಕೆ ಮುಂಚೆ ಬೀದರಿನವರು ರೈಲಿನಲ್ಲಿ ಕಲಬುರಗಿಗೆ ಬರಬೇಕಾದರೆ ವಿಕಾರಾಬಾದ್ ಸುತ್ತಬೇಕಿತ್ತು. ಹಾಗೆ ಸುತ್ತಿದವರು ಕಡಿಮೆ, ಎಲ್ಲರೂ ಬಸ್ಸನ್ನೇ ಹಿಡಿಯುತ್ತಿದ್ದರು.

ಮೂರನೆಯದು ವಿಕಾರಾಬಾದ್. ಬೀದರಿನಿಂದ ಜಹೀರಾಬಾದ್ ದಾಟಿ ಬಂದರೆ ಇಲ್ಲಿ ವಾಡಿ–ಹೈದರಾಬಾದ್ ಮಾರ್ಗ ಸಿಗುತ್ತದೆ. ನಾಲ್ಕನೆಯದು ಹೋಟಗಿ. ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಹಳಿ ಇಲ್ಲಿಂದ ಒಡೆಯುತ್ತದೆ. ಹೋಟಗಿ ಸಣ್ಣ ನಿಲ್ದಾಣ. ಎರಡು ಮೂರು ಗಂಟೆ ಕಾಯುವುದಿದ್ದರೆ ಇನ್ನೊಂದಿಷ್ಟು ಮುಂದೆ ಸೊಲ್ಲಾಪುರಕ್ಕೇ ಹೋಗಿ ಕೂರುವುದು ಮೇಲು. ಊಟ, ನೀರು, ಬೆಳಕು ಎಲ್ಲವೂ ಅಲ್ಲಿ ಚೆನ್ನಾಗಿವೆ.

ಟೈಮ್ ಎದ್ರಾಗ ನೋಡ್ಬೇಕ್ರಿ? ಒಂದೊಂದ್ರಾಗ ಒಂದೊಂದು ತೋರಿಸ್ತದ.

ರೈಲ್ವೆಯದೇ ಆದ ಎನ್‌ಟಿಇಎಸ್ ಆ್ಯಪ್ ನೋಡಿ, ಇಲ್ಲವೇ 139ಕ್ಕೆ ಫೋನ್ ಮಾಡಿ. ಖಾಸಗಿ ಆ್ಯಪ್‌ಗಳು ಗಾಡಿ ಎಲ್ಲಿದೆ ಎಂದು ಅಂದಾಜು ಮಾಡಿ ಹೇಳುವುದೂ ಉಂಟು.

ನೋಡುವಾಗ ಸಮಯ ಮಾತ್ರ ನೋಡಿ ಬಿಡಬೇಡಿ, ಆ ಗಾಡಿ ಯಾವ ಯಾವ ದಿನ ಓಡುತ್ತದೆ ಎಂಬುದನ್ನೂ ನೋಡಿ. ದೂರದ ಗಾಡಿ ದಿನಾ ಇದ್ದರೂ ಅದಕ್ಕೆ ಮುಟ್ಟಿಸುವ ಸಣ್ಣ ಗಾಡಿಗೆ ಭಾನುವಾರ ರಜೆ ಇರಬಹುದು. ಮುಂಜಾನೆ ಚೀಲ ಹೊತ್ತು ಬಂದು, ಖಾಲಿ ಹಳಿ ನೋಡುತ್ತ ನಿಂತವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

## ಟಿಕೆಟ್, ಪಾಸು, ರೊಕ್ಕ

ಒಂದೇ ಟಿಕೆಟ್ ತಗೊಳ್ಳೋದು ಸೋವಿನೋ, ತುಂಡು ತುಂಡು ಮಾಡಿ ತಗೊಳ್ಳೋದೋ?

ಬಹಳ ಸಲ ಒಂದೇ ಟಿಕೆಟ್ ಸೋವಿ. ರೈಲ್ವೆ ದರದಲ್ಲಿ ದೂರ ಹೆಚ್ಚಾದಂತೆ ಕಿಲೋಮೀಟರಿಗೆ ಬೀಳುವ ಹಣ ಕಡಿಮೆಯಾಗುತ್ತ ಹೋಗುತ್ತದೆ. ತುಂಡು ಮಾಡಿದರೆ ಪ್ರತಿ ತುಂಡೂ ಮತ್ತೆ ಮೊದಲಿನಿಂದ ಲೆಕ್ಕಕ್ಕೆ ಬರುತ್ತದೆ. ಜೊತೆಗೆ ಕನಿಷ್ಠ ದರವೂ ಇದೆ. ಪ್ಯಾಸೆಂಜರ್‌ನಲ್ಲಿ 10 ರೂಪಾಯಿ, ಎಕ್ಸ್‌ಪ್ರೆಸ್ ಜನರಲ್‌ನಲ್ಲಿ 30. ಪಕ್ಕದ ನಿಲ್ದಾಣಕ್ಕೆ ಹೋದರೂ ಅಷ್ಟು ಕೊಡಲೇಬೇಕು. ಸ್ಲೀಪರ್ ಆದರೆ ಪ್ರತಿ ಟಿಕೆಟ್ಟಿಗೂ 20 ರೂಪಾಯಿ ರಿಸರ್ವೇಶನ್ ಶುಲ್ಕ ಬೇರೆ.

ತುಂಡು ಮಾಡಿ ಲಾಭವಾಗುವುದು ಒಂದೇ ಕಡೆ: ಮೊದಲ ತುಂಡು ಪ್ಯಾಸೆಂಜರ್ ಅಥವಾ ಡೆಮು ಇದ್ದು, ಎರಡನೆಯದು ಮಾತ್ರ ಎಕ್ಸ್‌ಪ್ರೆಸ್ ಇದ್ದಾಗ. ಉದಾಹರಣೆಗೆ ಹುಮನಾಬಾದಿನಿಂದ ಕಲಬುರಗಿಯವರೆಗೆ ಡೆಮು ಟಿಕೆಟ್, ಅಲ್ಲಿಂದ ಬೆಂಗಳೂರಿಗೆ ಸ್ಲೀಪರ್. ಅದರಲ್ಲೂ ಉಳಿಯುವುದು ಒಂದಿಷ್ಟು ಹತ್ತರ ನೋಟುಗಳಷ್ಟೇ. ಅಷ್ಟಕ್ಕಾಗಿ ದೊಡ್ಡ ಗಾಡಿ ತಪ್ಪಿಸಿಕೊಳ್ಳುವ ಪರಿಸ್ಥಿತಿ ತಂದುಕೊಳ್ಳಬೇಡಿ.

ಪ್ಯಾಸೆಂಜರ್ ಟಿಕೆಟ್ ಮ್ಯಾಲೆ ಎಕ್ಸ್‌ಪ್ರೆಸ್ ಹತ್ತಿದ್ರ ಏನಾಗ್ತದ? ಡಬ್ಬಿ ಒಂದೇ ನಮೂನಿ ಇರ್ತದಲ್ಲ?

ಡಬ್ಬಿ ಒಂದೇ ನಮೂನೆ ಇರಬಹುದು, ಟಿಕೆಟ್ ಒಂದೇ ಅಲ್ಲ. ಟಿಸಿ ಹಿಡಿದರೆ ವ್ಯತ್ಯಾಸದ ಹಣದ ಜೊತೆ ದಂಡವೂ ಬೀಳುತ್ತದೆ. ದಂಡ ಅಂದರೆ ಕಡಿಮೆ ಅಂದರೂ 250 ರೂಪಾಯಿ. ಟಿಕೆಟ್ ತೆಗೆಯುವಾಗಲೇ 'ಎಕ್ಸ್‌ಪ್ರೆಸ್ ಟಿಕೆಟ್ ಕೊಡ್ರಿ' ಎಂದು ಬಾಯಿಬಿಟ್ಟು ಹೇಳಿ. ಸುಮ್ನೆ ಊರಿನ ಹೆಸರು ಹೇಳಿದರೆ ಕೌಂಟರಿನವರು ಮುಂದೆ ಯಾವ ಗಾಡಿ ಇದೆಯೋ ಅದರ ಟಿಕೆಟ್ ಕೊಟ್ಟುಬಿಡುತ್ತಾರೆ. ಎಕ್ಸ್‌ಪ್ರೆಸ್ ಟಿಕೆಟ್ ಇಟ್ಟುಕೊಂಡು ಪ್ಯಾಸೆಂಜರ್ ಹತ್ತಿದರೆ ಯಾರೂ ಏನೂ ಅನ್ನುವುದಿಲ್ಲ.

ಮುಂಜಾನಿ ತಗೊಂಡ ಜನರಲ್ ಟಿಕೆಟ್ ಸಂಜಿಗೆ ನಡೀತದೇನು?

ದೂರ 199 ಕಿಲೋಮೀಟರ್ ಒಳಗಿದ್ದರೆ, ಟಿಕೆಟ್ ತೆಗೆದ 3 ಗಂಟೆಯೊಳಗೆ ಪ್ರಯಾಣ ಶುರು ಮಾಡಬೇಕು. 3 ಗಂಟೆಯೊಳಗೆ ಆ ಊರಿಗೆ ಗಾಡಿಯೇ ಇಲ್ಲದಿದ್ದರೆ ಮೊದಲು ಬರುವ ಗಾಡಿಯವರೆಗೆ ನಡೆಯುತ್ತದೆ. ನಮ್ಮ ಕಡೆಯ ಸಣ್ಣ ಓಡಾಟವೆಲ್ಲ ಈ ಲೆಕ್ಕದೊಳಗೇ ಬರುತ್ತದೆ: ಕಲಬುರಗಿಯಿಂದ ಯಾದಗಿರಿ ಸುಮಾರು 76, ಸೊಲ್ಲಾಪುರ ಸುಮಾರು 113, ರಾಯಚೂರು ಸುಮಾರು 145 ಕಿಲೋಮೀಟರ್. ಹೀಗಾಗಿ ವಾಪಸ್ ಬರುವ ಟಿಕೆಟ್ಟನ್ನು ಮುಂಜಾನೆಯೇ ತೆಗೆದಿಟ್ಟುಕೊಂಡರೆ ಹಣ ದಂಡ.

200 ಕಿಲೋಮೀಟರ್ ಮೇಲಿದ್ದರೆ ಜನರಲ್ ಟಿಕೆಟ್ಟನ್ನು 3 ದಿನ ಮುಂಚೆಯೂ ತೆಗೆಯಬಹುದು. ಹಬ್ಬದ ಹೊತ್ತಿನಲ್ಲಿ ಕೌಂಟರ್ ಸಾಲು ತಪ್ಪಿಸಲು ಇದು ಒಳ್ಳೆ ದಾರಿ.

ಮೊಬೈಲ್‌ನಾಗ ಜನರಲ್ ಟಿಕೆಟ್ ತೆಗೀಲಿಕ್ಕೆ ಬರ್ತದೇನು? ಗಾಡಿ ಬದಲಿಸುವಾಗ ಕೌಂಟರಿಗೆ ಹೋಗಿ ನಿಲ್ಲೋಕಾಗಲ್ಲ.

ಬರುತ್ತದೆ. 2025ರ ಜುಲೈನಲ್ಲಿ ಬಂದ ರೈಲ್‌ಒನ್ ಆ್ಯಪ್‌ನಲ್ಲಿ ಜನರಲ್, ರಿಸರ್ವೇಶನ್, ಪ್ಲಾಟ್‌ಫಾರಂ ಟಿಕೆಟ್ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಒಂದು ಕಿರಿಕಿರಿ ಇದೆ. ಮೊಬೈಲ್‌ನಲ್ಲೇ ತೋರಿಸುವ ಟಿಕೆಟ್ಟನ್ನು ನಿಲ್ದಾಣದೊಳಗೆ, ಹಳಿಯ ಪಕ್ಕ ನಿಂತು ತೆಗೆಯಲು ಬರುವುದಿಲ್ಲ. ಗಾಡಿ ಇಳಿದ ಮೇಲೆ ತೆಗೆದರಾಯಿತು ಅಂದುಕೊಂಡರೆ ಸಿಕ್ಕಿಬೀಳುತ್ತೀರಿ. ನಿಲ್ದಾಣದಲ್ಲಿ ಅಂಟಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ತೆಗೆಯಬಹುದು. ಆದರೆ ಅದು ಎಲ್ಲಿ ಅಂಟಿಸಿದ್ದಾರೆ ಎಂದು ಹುಡುಕುವಷ್ಟರಲ್ಲಿ ಗಾಡಿ ಸೀಟಿ ಹಾಕಿರುತ್ತದೆ. ಬದಲಿಸುವುದು ಗೊತ್ತಿದ್ದರೆ ಮನೆಯಿಂದ ಹೊರಡುವಾಗಲೇ ಕೊನೆಯ ಊರಿನವರೆಗೆ ಒಂದೇ ಟಿಕೆಟ್ ತೆಗೆದುಬಿಡಿ.

ದಿನಾ ಹೋಗಿ ಬರೋರಿಗೆ ಪಾಸ್ ಲಾಭ ಅದ ಏನ್ರಿ?

ತಿಂಗಳಿಗೆ ಎಂಟು ದಿನಕ್ಕಿಂತ ಜಾಸ್ತಿ ಹೋಗಿ ಬರುವವರಿಗೆ ಲಾಭ. ತಿಂಗಳ ಪಾಸಿನ ದರ ಸುಮಾರು 15 ಒಂಟಿ ಪ್ರಯಾಣದಷ್ಟು. ಮೂರು ತಿಂಗಳ ಪಾಸಿಗೆ ತಿಂಗಳ ಪಾಸಿನ 2.7 ಪಟ್ಟು. ಪಾಸು ಸಿಗುವುದು 150 ಕಿಲೋಮೀಟರ್ ಒಳಗೆ. ಅಂದರೆ ಬೀದರ್–ಕಲಬುರಗಿ, ಯಾದಗಿರಿ–ಕಲಬುರಗಿ, ಕಲಬುರಗಿ–ಸೊಲ್ಲಾಪುರ ಎಲ್ಲಕ್ಕೂ ಸಿಗುತ್ತದೆ.

ಪಾಸಿನವರು ಮಾಡುವ ದೊಡ್ಡ ತಪ್ಪು ಸ್ಲೀಪರ್ ಹತ್ತುವುದು. ಪಾಸ್ ಇದ್ದರೂ ರಿಸರ್ವೇಶನ್ ಡಬ್ಬಿಯಲ್ಲಿ ಕೂರಲು ಹಕ್ಕಿಲ್ಲ. ಸೂಪರ್‌ಫಾಸ್ಟ್ ಹತ್ತಬೇಕಾದರೆ ಪಾಸಿಗೂ ಆ ಶುಲ್ಕ ಸೇರಿಸಿಕೊಂಡಿರಬೇಕು. 'ದಿನಾ ಇದೇ ಡಬ್ಬಿಯಾಗ ಕೂಡ್ತೀವಿ, ಯಾರೂ ಕೇಳಂಗಿಲ್ಲ' ಎನ್ನುವವರ ಜೊತೆ ಒಂದು ದಿನ ನಾನೂ ಕೂತಿದ್ದೆ. ಅವತ್ತೇ ಕೇಳಿದರು.

ಹೆಣ್ಮಕ್ಕಳಿಗೆ ಬಸ್ ಫ್ರೀ ಅದಲ್ಲ, ಮತ್ತ ಡೆಮು ಯಾಕ ಹತ್ತಬೇಕು?

ಸರಿಯಾದ ಪ್ರಶ್ನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಮಹಿಳೆಯರಿಗೆ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಅಗ್ಗದ ಡೆಮುಗಿಂತಲೂ ಅಗ್ಗ ಅಂದರೆ ಉಚಿತ ತಾನೇ? ಬಸ್ಸು ಜಾಸ್ತಿ ಸಲ ಸಿಗುತ್ತದೆ, ಡೆಮು ದಿನಕ್ಕೆ ಬೆರಳೆಣಿಕೆಯಷ್ಟು. ಹಾಗಾಗಿ ಹುಮನಾಬಾದಿನಿಂದ ಕಲಬುರಗಿಗೆ ಬಂದು ದೂರದ ಗಾಡಿ ಹಿಡಿಯುವ ಹೆಣ್ಣುಮಕ್ಕಳಿಗೆ ಬಸ್ಸೇ ಸರಿ. ಶಹಾಪುರ, ಸುರಪುರಕ್ಕೆ ರೈಲೇ ಇಲ್ಲ, ಅಲ್ಲಿಯವರು ಹೇಗೂ ಬಸ್ಸಿನಲ್ಲೇ ಯಾದಗಿರಿ ನಿಲ್ದಾಣಕ್ಕೆ ಬರಬೇಕು.

ಎರಡು ಎಚ್ಚರಿಕೆ. ಸೊಲ್ಲಾಪುರ, ಹೈದರಾಬಾದಿಗೆ ಹೋಗುವ ಹೊರರಾಜ್ಯದ ಬಸ್ಸಿಗೆ ಈ ಲೆಕ್ಕ ನಡೆಯುವುದಿಲ್ಲ. ಇನ್ನೊಂದು, ಬಸ್ ಸ್ಟ್ಯಾಂಡಿನಿಂದ ರೈಲು ನಿಲ್ದಾಣಕ್ಕೆ ಆಟೋ ಹಣ ಮರೆಯಬೇಡಿ. ನಮ್ಮ ಮನೆಯಲ್ಲಂತೂ ಊರಿಗೆ ಹೊರಟರೆ ಹೆಂಡತಿ ಬಸ್ಸಿನಲ್ಲಿ, ನಾನು ಪಾಸಿನ ಮೇಲೆ ರೈಲಿನಲ್ಲಿ. ಇಬ್ಬರೂ ಕಲಬುರಗಿ ನಿಲ್ದಾಣದಲ್ಲಿ ಸೇರುತ್ತೇವೆ. ನೋಡಿದವರು ಜಗಳ ಆಡಿದ್ದಾರೆ ಅಂದುಕೊಳ್ಳುತ್ತಾರೆ.

ಹಿರಿಯರಿಗೆ, ಮಕ್ಕಳಿಗೆ ರಿಯಾಯಿತಿ ಅದ ಏನು?

ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿದ್ದು ಮತ್ತೆ ಬಂದಿಲ್ಲ. 5 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. 5ರಿಂದ 12ರ ಒಳಗಿನವರಿಗೆ ಬರ್ತ್ ಬೇಡವೆಂದರೆ ಅರ್ಧ, ಬರ್ತ್ ಬೇಕೆಂದರೆ ಪೂರ್ತಿ ದರ.

## ಗಾಡಿಯಿಂದ ಗಾಡಿಗೆ

ಎರಡು ಗಾಡಿ ನಡುವ ಎಷ್ಟ್ ಟೈಮ್ ಇಟ್ಕೋಬೇಕ್ರಿ?

ಎಲ್ಲರೂ ಒಂದು ಅಂಕಿ ಹೇಳಿ ಅನ್ನುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ಎರಡನೇ ಗಾಡಿ ತಪ್ಪಿದರೆ ಮುಂದಿನದು ಯಾವಾಗ?

ವಾಡಿಯಲ್ಲಿ ಕಲಬುರಗಿ ಕಡೆಯ ಗಾಡಿ ತಪ್ಪಿದರೆ ಸ್ವಲ್ಪ ಹೊತ್ತಿಗೆ ಇನ್ನೊಂದು ಬರುತ್ತದೆ. ಅಲ್ಲಿ ಅರ್ಧ ಗಂಟೆ ಅಂತರ ಇಟ್ಟರೂ ನಡೆದೀತು. ತಪ್ಪಿದರೆ ಒಂದು ಚಹಾ ಜಾಸ್ತಿ ಕುಡಿಯುತ್ತೀರಿ, ಅಷ್ಟೇ. ಆದರೆ ಎರಡನೆಯದು ರಿಸರ್ವೇಶನ್ ಮಾಡಿಸಿದ ರಾತ್ರಿ ಗಾಡಿಯಾಗಿದ್ದರೆ ಎರಡು ಗಂಟೆಗಿಂತ ಕಡಿಮೆ ಇಡಬೇಡಿ. ಮೊದಲ ಗಾಡಿ ದಿನಕ್ಕೆ ಒಂದೆರಡೇ ಇರುವ ಡೆಮು ಆಗಿದ್ದರೆ ಅದಕ್ಕೂ ಹಿಂದಿನ ಡೆಮು ಹಿಡಿಯಿರಿ. ಅದು ರದ್ದಾದರೆ ಬಸ್ಸು ಹಿಡಿಯುವಷ್ಟು ಹೊತ್ತಾದರೂ ಕೈಯಲ್ಲಿರಬೇಕು. ಕಲಬುರಗಿಯಲ್ಲಿ ಮೂರು ಗಂಟೆ ಸುಮ್ನೆ ಕೂರುವುದಕ್ಕೆ ಬೇಸರ ನಿಜ. ಆದರೆ ಆ ಮೂರು ಗಂಟೆಗೆ ಖರ್ಚಾಗುವುದು ಇಪ್ಪತ್ತು ಮೂವತ್ತು ರೂಪಾಯಿ. ತಪ್ಪಿದ ಸ್ಲೀಪರ್ ಟಿಕೆಟ್, ಮತ್ತೆ ಖಾಸಗಿ ಬಸ್ಸಿನ ಸೀಟು ಸೇರಿದರೆ ಸಾವಿರ ದಾಟುತ್ತದೆ.

ಸಣ್ಣ ಗಾಡಿಗಳು ತಡವಾಗುವುದಕ್ಕೆ ಕಾರಣವೂ ಇದೆ. ಹಿಂದಿನಿಂದ ಎಕ್ಸ್‌ಪ್ರೆಸ್ ಬಂದರೆ ಪ್ಯಾಸೆಂಜರನ್ನು ಪಕ್ಕದ ಲೈನಿಗೆ ಹಾಕಿ ನಿಲ್ಲಿಸುತ್ತಾರೆ. ಸಿಮೆಂಟ್ ಕಾರ್ಖಾನೆಗಳಿರುವ ವಾಡಿ, ಸೇಡಂ, ಚಿತ್ತಾಪುರ ಸುತ್ತ ಗೂಡ್ಸ್ ಗಾಡಿಗಳ ಓಡಾಟವೂ ಜಾಸ್ತಿ. ವೇಳಾಪಟ್ಟಿಯಲ್ಲಿ ಮುಟ್ಟುವ ಸಮಯಕ್ಕೆ ಅರ್ಧ ಗಂಟೆ ಸೇರಿಸಿಯೇ ಲೆಕ್ಕ ಹಾಕುವುದು ನನ್ನ ರೂಢಿ.

ನಮ್ಮ ಡೆಮು ಲೇಟಾದ್ರ ಎಕ್ಸ್‌ಪ್ರೆಸ್ ಕಾಯಂಗಿಲ್ಲೇನು?

ಕಾಯುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರಿಗೆ 'ಅಣ್ಣಾ, ಹಿಂದಿನ ಬಸ್ಸಿನಾಗ ಮಂದಿ ಬರ್ಲಿಕತ್ತಾರ' ಅಂದರೆ ಎರಡು ನಿಮಿಷ ನಿಲ್ಲಿಸಿಯಾರು, ರೈಲಿನಲ್ಲಿ ಅದು ನಡೆಯದು. ಕಲಬುರಗಿ, ಶಹಾಬಾದ್, ವಾಡಿ ಇರುವುದು ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿ. ಚಿತ್ತಾಪುರ, ಸೇಡಂ, ಬೀದರ್ ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗದಲ್ಲಿ. ನಾವು ಒಂದೇ ಜಿಲ್ಲೆಯೊಳಗೆ ಗಾಡಿ ಬದಲಿಸಿದ ಹಾಗೆ ಕಂಡರೂ, ಆ ಎರಡು ಗಾಡಿಗಳನ್ನು ನಡೆಸುವ ಕಂಟ್ರೋಲ್ ರೂಮುಗಳು ಬೇರೆ ಬೇರೆ ರಾಜ್ಯದಲ್ಲಿವೆ. ಕಲಬುರಗಿಗೇ ಒಂದು ವಿಭಾಗ ಬೇಕೆಂಬ ಬೇಡಿಕೆ ಇಷ್ಟು ವರ್ಷ ಯಾಕೆ ಉಳಿದಿದೆ ಎಂದು ವಾಡಿಯಲ್ಲಿ ಗಾಡಿ ತಪ್ಪಿಸಿಕೊಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ರಾತ್ರಿ 12ರ ಮ್ಯಾಲೆ ಬರೋ ಗಾಡಿಗೆ ಯಾವ ತಾರೀಖು ಹಾಕ್ಬೇಕು?

12 ಹೊಡೆದ ಕೂಡಲೇ ತಾರೀಖು ಬದಲಾಗುತ್ತದೆ. ಶನಿವಾರ ರಾತ್ರಿ ಊಟ ಮಾಡಿ ಹೊರಟು 12:30ರ ಗಾಡಿ ಹಿಡಿಯುವುದಾದರೆ ಟಿಕೆಟ್ ಭಾನುವಾರದ್ದು ಬೇಕು. ಕಲಬುರಗಿಯಲ್ಲಿ ನಡುರಾತ್ರಿ ಗಾಡಿಗಳು ಕಡಿಮೆಯಿಲ್ಲ, ಹೀಗಾಗಿ ಈ ತಪ್ಪೂ ಕಡಿಮೆಯಿಲ್ಲ. ಒಮ್ಮೆ ನಾನೇ ಮಾಡಿದ್ದೆ. ಬರ್ತ್ ಮೇಲೆ ಹಾಯಾಗಿ ಮಲಗಿದ್ದವರನ್ನು ಎಬ್ಬಿಸಿ ಜಗಳಕ್ಕೆ ನಿಂತೆ. ಅವರು ಕಣ್ಣುಜ್ಜುತ್ತ ನನ್ನ ಟಿಕೆಟ್ ನೋಡಿ, 'ಕಾಕಾ, ನಿಮ್ಮ ಗಾಡಿ ನಿನ್ನೀನ ಹೋಗ್ಯದ' ಅಂದರು.

ಹುಮನಾಬಾದಿನಿಂದ ಬೆಂಗಳೂರಿಗೆ ಸೋವಿ ಒಳಗ ಹೋಗೋದು ಹ್ಯಾಂಗ?

ಮೊದಲು ನೇರ ಗಾಡಿ ನೋಡಿ. ಬೀದರ್–ಯಶವಂತಪುರ ಗಾಡಿಗಳಲ್ಲಿ ಹುಮನಾಬಾದ್ ಮೇಲೆ ಬರುವುದು ಬೇರೆ, ವಿಕಾರಾಬಾದ್ ಸುತ್ತಿ ಹೋಗುವುದು ಬೇರೆ. ಹೆಸರು ಒಂದೇ ಥರ ಇರುವುದರಿಂದ ದಾರಿ ಮತ್ತು ದಿನ ಎರಡನ್ನೂ ನೋಡಿ ಬುಕ್ ಮಾಡಿ.

ಆ ದಿನ ನೇರ ಗಾಡಿ ಇಲ್ಲದಿದ್ದರೆ ಕಲಬುರಗಿಗೆ ಬನ್ನಿ. ಅಲ್ಲಿಂದ ಮುಂಬೈನಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಇದೆ, ಸೊಲ್ಲಾಪುರ–ಹಾಸನ ಎಕ್ಸ್‌ಪ್ರೆಸ್ ಇದೆ. ಬಾಗಲಕೋಟೆಯಿಂದ ಬರುವ ಬಸವ ಎಕ್ಸ್‌ಪ್ರೆಸ್ ಮೈಸೂರಿನವರೆಗೂ ಹೋಗುತ್ತದೆ. ಮೈಸೂರಿಗೆ ಹೋಗುವವರು ಬೆಂಗಳೂರಿನಲ್ಲಿ ಇಳಿದು ಪರದಾಡುವ ಬದಲು ಇದನ್ನೇ ಹಿಡಿಯಲಿ. ದೂರದ ತುಂಡಿಗೆ 60 ದಿನ ಮುಂಚೆ ರಿಸರ್ವೇಶನ್ ತೆರೆಯುತ್ತದೆ, ಅದನ್ನು ಮೊದಲು ಮಾಡಿಸಿ. ಸಣ್ಣ ತುಂಡಿನ ಚಿಂತೆ ಆಮೇಲೆ. ಬಹಳ ಮಂದಿ ಇದನ್ನು ತಿರುವುಮುರುವು ಮಾಡುತ್ತಾರೆ.

ವಂದೇ ಭಾರತ್‌ಗೆ ಡೆಮು ಹೊಂದಿಸ್ಕೋಬಹುದಾ?

ಕಷ್ಟ. 2024ರ ಮಾರ್ಚ್‌ನಲ್ಲಿ ಶುರುವಾದ ಕಲಬುರಗಿ–ಬೆಂಗಳೂರು ವಂದೇ ಭಾರತ್ ನಸುಕಿನಲ್ಲೇ ಕಲಬುರಗಿ ಬಿಡುತ್ತದೆ. ಆ ಹೊತ್ತಿಗೆ ಬೀದರ್ ಕಡೆಯವರು ಮುಟ್ಟಬೇಕಾದರೆ ಹಿಂದಿನ ರಾತ್ರಿಯೇ ಬಂದಿರಬೇಕು. ವಾಪಸ್ ಬರುವಾಗಲೂ ರಾತ್ರಿ ಬಹಳ ಹೊತ್ತಾಗಿರುತ್ತದೆ. ಕಲಬುರಗಿ ಊರೊಳಗಿನವರಿಗೆ, ನೆಂಟರ ಮನೆ ಇದ್ದವರಿಗೆ ಚೆಂದ. ಜನರಲ್ ಡಬ್ಬಿ ಇಲ್ಲ, ಎಲ್ಲವೂ ಎಸಿ ಕುರ್ಚಿ. ಕೈ ಹಿಡಿದು ಖರ್ಚು ಮಾಡುವವರ ಗಾಡಿ ಇದಲ್ಲ.

ಬೆಂಗಳೂರಾಗ ಯಾವ ಟೇಷನ್‌ಗೆ ಇಳಿದ್ರ ಛಲೋ?

ಎಲ್ಲಿಗೆ ಹೋಗಬೇಕು ಎಂಬುದರ ಮೇಲೆ. ಮೆಜೆಸ್ಟಿಕ್ ಪಕ್ಕದ ಕೆಎಸ್‌ಆರ್ ನಿಲ್ದಾಣದಲ್ಲಿ ಇಳಿದರೆ ಬಸ್ಸು, ಮೆಟ್ರೊ ಎರಡೂ ಕಾಲ ಬುಡದಲ್ಲೇ. ಯಶವಂತಪುರದಲ್ಲಿ ಹಸಿರು ಮಾರ್ಗದ ಮೆಟ್ರೊ ಇದೆ. ವಂದೇ ಭಾರತ್ ಹೋಗುವುದು ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ಗೆ. ಅಲ್ಲಿಂದ ಮೆಜೆಸ್ಟಿಕ್‌ಗೆ ಬಂದು ಮತ್ತೊಂದು ರೈಲು ಹಿಡಿಯುವುದಾದರೆ ನಗರದ ಟ್ರಾಫಿಕ್ ಲೆಕ್ಕ ಹಾಕಿ ಎರಡು ಗಂಟೆಯಾದರೂ ಇಟ್ಟುಕೊಳ್ಳಿ. ಹಾಸನ, ಮಂಗಳೂರು ಕಡೆಯ ಗಾಡಿ ಹಿಡಿಯುವವರು ಅದು ಯಾವ ನಿಲ್ದಾಣದಿಂದ ಹೊರಡುತ್ತದೆ ಎಂದು ನೋಡಿ, ಅಲ್ಲಿಗೇ ಮುಟ್ಟುವ ಗಾಡಿಯನ್ನು ಕಲಬುರಗಿಯಲ್ಲಿ ಆರಿಸಿಕೊಳ್ಳಿ.

ಹೈದರಾಬಾದ್ ದವಾಖಾನಿಗೆ ಹೋಗೋದದ. ಸಿಕಂದರಾಬಾದ್ ತನಕ ಹೋಗ್ಬೇಕೇನು?

ಬೇಕಿಲ್ಲ. ನಮ್ಮ ಕಡೆಯಿಂದ ಹೋಗುವಾಗ ಲಿಂಗಂಪಲ್ಲಿ ಮೊದಲು ಸಿಗುತ್ತದೆ. ನಿಮ್ಮ ಗಾಡಿ ಅಲ್ಲಿ ನಿಲ್ಲುವುದಾದರೆ ಇಳಿದು ಎಂಎಂಟಿಎಸ್ ಲೋಕಲ್ ಹಿಡಿಯಿರಿ. ಹೈಟೆಕ್ ಸಿಟಿ, ಬೇಗಂಪೇಟೆ, ನಾಂಪಲ್ಲಿ ಕಡೆಗೆ ಆಟೋ ಹಣದ ಮುಂದೆ ಆ ಟಿಕೆಟ್ ಲೆಕ್ಕಕ್ಕೇ ಇಲ್ಲ. ದವಾಖಾನೆ ಯಾವ ಲೋಕಲ್ ನಿಲ್ದಾಣದ ಹತ್ತಿರ ಇದೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ರೋಗಿ ನಡೆಯಲಾರದ ಸ್ಥಿತಿಯಲ್ಲಿದ್ದರೆ ಮಾತ್ರ ಈ ಉಳಿತಾಯಕ್ಕೆ ಹೋಗಬೇಡಿ. ಮೇಲ್ಸೇತುವೆ ಹತ್ತಿ ಇಳಿಯುವುದರಲ್ಲೇ ಸುಸ್ತಾಗುತ್ತದೆ.

## ಗಾಡಿ ತಪ್ಪಿದ್ರ

ಮೊದಲ ಗಾಡಿ ಲೇಟಾಗಿ ಎರಡನೇದು ತಪ್ಪಿದ್ರ ರೊಕ್ಕ ವಾಪಸ್ ಬರ್ತದೇನು?

ಎರಡೂ ರಿಸರ್ವೇಶನ್ ಟಿಕೆಟ್ ಆಗಿದ್ದು, ಎರಡೂ ಪಿಎನ್‌ಆರ್ (ರಿಸರ್ವೇಶನ್ ಟಿಕೆಟ್ಟಿನ ಮೇಲಿರುವ ನಂಬರ್) ಜೋಡಿಸಿದ್ದರೆ ಬರುತ್ತದೆ. ಈ ಸೌಲಭ್ಯ 2019ರ ಏಪ್ರಿಲ್‌ನಿಂದ ಇದೆ. ಮೊದಲ ಗಾಡಿ ತಡವಾಗಿ ಎರಡನೆಯದು ಹೋಗಿಬಿಟ್ಟಿದ್ದರೆ, ಪ್ರಯಾಣ ಮಾಡದ ಆ ಎರಡನೇ ಟಿಕೆಟ್ಟಿಗೆ ರದ್ದತಿ ಶುಲ್ಕ ಹಿಡಿಯದೆ ಹಣ ಕೊಡುತ್ತಾರೆ. ಷರತ್ತುಗಳಿವೆ: ಎರಡೂ ಟಿಕೆಟ್ಟಿನಲ್ಲಿ ಪ್ರಯಾಣಿಕರ ವಿವರ ಒಂದೇ ಇರಬೇಕು. ಮೊದಲ ಗಾಡಿ ಇಳಿಯುವ ನಿಲ್ದಾಣದಲ್ಲೇ ಎರಡನೆಯದನ್ನು ಹತ್ತುವಂತಿರಬೇಕು. ಐಆರ್‌ಸಿಟಿಸಿಯಲ್ಲಿ ಬುಕ್ ಮಾಡಿದ ಟಿಕೆಟ್ ಆದರೆ ಅಲ್ಲೇ ಜೋಡಿಸಬಹುದು, ಚಾರ್ಟ್ (ಯಾರಿಗೆ ಯಾವ ಸೀಟು ಎಂಬ ಕೊನೆಯ ಪಟ್ಟಿ) ಆಗುವ ಮೊದಲೇ ಮಾಡಿಬಿಡಿ. ಗಾಡಿ ತಪ್ಪಿದ ಮೇಲೆ, ಮೊದಲ ಗಾಡಿ ನಿಜವಾಗಿ ಮುಟ್ಟಿದ 3 ಗಂಟೆಯೊಳಗೆ ಟಿಡಿಆರ್ (ಹಣ ವಾಪಸ್ ಕೇಳುವ ಅರ್ಜಿ) ಹಾಕಬೇಕು. ಕೌಂಟರ್ ಟಿಕೆಟ್ ಆದರೆ ಅಷ್ಟರೊಳಗೇ ಕೌಂಟರಿಗೆ ಕೊಡಬೇಕು.

ಆ ಮೂರು ಗಂಟೆಯಲ್ಲಿ ನಾವು ಮಾಡುವುದು ಮಾತ್ರ ಮನೆಗೆ ಫೋನ್ ಹಚ್ಚಿ ರೈಲ್ವೆಯನ್ನು ಬೈಯುವುದು. ಬೈಗುಳ ಆಮೇಲೂ ಆಗುತ್ತದೆ, ಮೊದಲು ಟಿಡಿಆರ್ ಹಾಕಿ.

ಆದ್ರ ಡೆಮು ಟಿಕೆಟ್ಟಿಗೆ ಪಿಎನ್‌ಆರ್ರೇ ಇರಂಗಿಲ್ಲಲ್ಲ?

ಹೌದು, ತೊಂದರೆ ಇರುವುದೇ ಅಲ್ಲಿ. ಜನರಲ್ ಟಿಕೆಟ್ಟಿಗೆ ಪಿಎನ್‌ಆರ್ ಇಲ್ಲ, ಹಾಗಾಗಿ ಜೋಡಿಸಲು ಬರುವುದಿಲ್ಲ. ಡೆಮು ನಾಲ್ಕು ಗಂಟೆ ತಡವಾಗಿ ನಿಮ್ಮ ಸ್ಲೀಪರ್ ತಪ್ಪಿದರೂ ರೈಲ್ವೆ ಲೆಕ್ಕದಲ್ಲಿ ನೀವು ಮನೆಯಲ್ಲಿ ಮಲಗಿ ತಪ್ಪಿಸಿಕೊಂಡವರ ಸಮ. ಸೋವಿ ಟಿಕೆಟ್ಟಿಗೆ ಈ ಜಾಮೀನಿಲ್ಲ. ಡೆಮು ಮೇಲೆ ಬರುವವರು ಜಾಸ್ತಿ ಅಂತರ ಇಟ್ಟುಕೊಳ್ಳಲೇಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಒಂದು ಉಪಾಯ ಇದೆ. ಮೊದಲ ತುಂಡಿಗೆ ಸೆಕೆಂಡ್ ಸಿಟಿಂಗ್ (ಎಸಿ ಇಲ್ಲದ, ಕೂರುವ ರಿಸರ್ವೇಶನ್ ಸೀಟು) ಇರುವ ಎಕ್ಸ್‌ಪ್ರೆಸ್ ಅಥವಾ ಇಂಟರ್‌ಸಿಟಿ ಸಿಕ್ಕರೆ ಅದನ್ನು ಬುಕ್ ಮಾಡಿ. ರಿಸರ್ವೇಶನ್ ಶುಲ್ಕ ಬರೀ 15 ರೂಪಾಯಿ. ಸೀಟೂ ಸಿಗುತ್ತದೆ, ಪಿಎನ್‌ಆರ್ ಕೂಡ ಸಿಗುತ್ತದೆ. ಬೀದರಿನಿಂದ ಹೈದರಾಬಾದ್ ಕಡೆಗೆ ಹೋಗಿ ಅಲ್ಲಿಂದ ದೂರದ ಗಾಡಿ ಹಿಡಿಯುವವರು ಇದನ್ನು ಮೊದಲು ನೋಡಲಿ.

ನಾವು ಹೊತ್ತಿಗೆ ಬಂದೀವಿ, ಎರಡನೇ ಗಾಡೀನೇ ನಾಕು ತಾಸು ಲೇಟ್. ಈಗ?

3 ಗಂಟೆಗಿಂತ ಹೆಚ್ಚು ತಡವಾದರೆ, ನೀವು ಹೋಗುವುದು ಬೇಡ ಅಂದರೆ ಪೂರ್ತಿ ಹಣ ವಾಪಸ್. ಗಾಡಿ ನಿಮ್ಮ ನಿಲ್ದಾಣ ಬಿಡುವ ಮೊದಲೇ ಟಿಡಿಆರ್ ಹಾಕಬೇಕು. ಹಾಕುವ ಮುಂಚೆ ಬೇರೆ ಗಾಡಿಯಲ್ಲಿ ಜಾಗ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ನಾಲ್ಕು ತಾಸು ಕಾಯುವುದೇ ಸೋವಿ.

## ಪಳಗಿದವರ ಪ್ರಶ್ನೆಗಳು

ಬೆಂಗಳೂರಿಗೆ ಯಾದಗಿರಿಯಿಂದ ವೇಟಿಂಗ್ ತೋರಿಸ್ತದ, ಕಲಬುರಗಿಯಿಂದ ಸೀಟ್ ಅದ ಅಂತದ. ಏನ್ ಮಾಡ್ಲಿ?

ಕಲಬುರಗಿಯಿಂದಲೇ ಟಿಕೆಟ್ ಮಾಡಿಸಿ, ಹತ್ತುವ ನಿಲ್ದಾಣವನ್ನು ಯಾದಗಿರಿ ಎಂದು ಬದಲಿಸಿಕೊಳ್ಳಿ. ಸೀಟು ಹಂಚಿಕೆ ನಿಲ್ದಾಣದಿಂದ ನಿಲ್ದಾಣಕ್ಕೆ ಬೇರೆ ಇರುವುದರಿಂದ ಹೀಗಾಗುತ್ತದೆ. ಸ್ವಲ್ಪ ಹಣ ಜಾಸ್ತಿ ಹೋದೀತು, ಆದರೆ ಖಾತ್ರಿ ಬರ್ತ್. ಇದನ್ನು ಬುಕ್ ಮಾಡುವಾಗಲೇ ಮಾಡಿ. ಬದಲಿಸದೆ ಸುಮ್ನೆ ಯಾದಗಿರಿಯಲ್ಲಿ ಹತ್ತಿದರೆ, ಕಲಬುರಗಿಯಲ್ಲಿ ನೀವು ಬರಲಿಲ್ಲ ಎಂದು ಟಿಸಿ ಆ ಬರ್ತನ್ನು ಬೇರೆಯವರಿಗೆ ಕೊಟ್ಟಿರಬಹುದು. ಒಮ್ಮೆ ಬದಲಿಸಿದ ಮೇಲೆ ಕಲಬುರಗಿಯಲ್ಲಿ ಹತ್ತುವ ಹಕ್ಕೂ ಹೋಗುತ್ತದೆ.

ವೇಟಿಂಗ್ ಟಿಕೆಟ್ ನಂಬಿ ಎರಡು ಗಾಡಿ ಹೊಂದಿಸಬೇಡಿ. ಆನ್‌ಲೈನ್ ವೇಟಿಂಗ್ ಟಿಕೆಟ್ ಚಾರ್ಟ್ ಆದ ಕೂಡಲೇ ತಾನೇ ರದ್ದಾಗುತ್ತದೆ. 

ದಾರ್ಯಾಗ ಇಳಿದು, ಒಂದು ದಿನ ಉಳಿದು, ಅದೇ ಟಿಕೆಟ್ ಮ್ಯಾಲೆ ಮುಂದ ಹೋಗಬಹುದಾ?

ಒಂದೇ ಟಿಕೆಟ್ 500 ಕಿಲೋಮೀಟರಿಗಿಂತ ಉದ್ದವಿದ್ದರೆ ಮಾತ್ರ, ಅದೂ ಮೊದಲ 500 ಕಿಲೋಮೀಟರ್ ದಾಟಿದ ಮೇಲೆ. ಹಾಗಾಗಿ ಕಲಬುರಗಿಯಿಂದ ಹೊರಟು ಗಾಣಗಾಪುರ ರೋಡಿನಲ್ಲಿ ಇಳಿದು ದತ್ತಾತ್ರೇಯನ ದರ್ಶನ ಮಾಡಿ, ಅದೇ ಟಿಕೆಟ್ಟಿನಲ್ಲಿ ಪುಣೆಗೆ ಹೋಗಲು ಬರುವುದಿಲ್ಲ. ಬೇರೆ ಬೇರೆ ಟಿಕೆಟ್ ತೆಗೆಯಿರಿ.

ಮಗಳ ಮನಿಗೆ ತೊಗರಿ ಬ್ಯಾಳಿ, ಜ್ವಾಳದ ಚೀಲ ಒಯ್ಯೋದದ. ಎಷ್ಟು ಬಿಡ್ತಾರ?

ಜನರಲ್‌ನಲ್ಲಿ ಒಬ್ಬರಿಗೆ 35 ಕಿಲೋ, ಸ್ಲೀಪರ್‌ನಲ್ಲಿ 40 ಕಿಲೋ ಉಚಿತ. ತೂಕಕ್ಕಿಂತ ದೊಡ್ಡ ಸಮಸ್ಯೆ ಮೇಲ್ಸೇತುವೆ. ಗಾಡಿ ಬದಲಿಸುವ ದಾರಿಯಲ್ಲಿ 35 ಕಿಲೋದ ಒಂದು ಚೀಲಕ್ಕಿಂತ ಎರಡು ಸಣ್ಣ ಚೀಲ ವಾಸಿ. ಇಬ್ಬರಿದ್ದರೆ ಒಬ್ಬರು ಸಾಮಾನಿನ ಹತ್ತಿರ ನಿಲ್ಲಲಿ, ಇನ್ನೊಬ್ಬರು ಮುಂದಿನ ಗಾಡಿ ಯಾವ ಪ್ಲಾಟ್‌ಫಾರಂಗೆ ಬರುತ್ತದೆ ಎಂದು ಕೇಳಿ ಬರಲಿ. ಅನೌನ್ಸ್‌ಮೆಂಟ್ ಆಗುವವರೆಗೆ ಚೀಲ ಎತ್ತಲೇಬೇಡಿ.

ಮೂರ್ನಾಕು ತಾಸು ಕಾಯೋದಾದ್ರ ಖರ್ಚಿಲ್ದೆ ಹ್ಯಾಂಗ್ ಕಾಯೋದು?

ಟಿಕೆಟ್ ಇದ್ದವರಿಗೆ ವೇಟಿಂಗ್ ಹಾಲ್ ಇದೆ. ರಾತ್ರಿ ಪೂರ್ತಿ ಕಾಯುವುದಿದ್ದರೆ ವಿಶ್ರಾಂತಿ ಕೊಠಡಿ ಸಿಗುತ್ತದಾ ಎಂದು ಪಿಎನ್‌ಆರ್ ಹಾಕಿ ಆನ್‌ಲೈನ್‌ನಲ್ಲಿ ನೋಡಬಹುದು, ಹೊರಗಿನ ಲಾಡ್ಜಿಗಿಂತ ಕಡಿಮೆಗೆ ಸಿಕ್ಕರೂ ಸಿಕ್ಕೀತು. ಊಟಕ್ಕೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೆ ಎರಡು ದಿನ ಕೆಡುವುದಿಲ್ಲ. ಮೊಸರು ಮಾತ್ರ ಏಪ್ರಿಲ್, ಮೇ ತಿಂಗಳಲ್ಲಿ ಕಟ್ಟಬೇಡಿ. ನಮ್ಮ ಬಿಸಿಲಿಗೆ ವಾಡಿ ಮುಟ್ಟುವಷ್ಟರಲ್ಲಿ ಹುಳಿಯಾಗಿ, ಮುಚ್ಚಳ ಹಾರಿ, ಎದುರು ಕೂತವರ ಅಂಗಿ ಮೇಲೆ ಬಿದ್ದಿರುತ್ತದೆ. ನೀರಿನ ಬಾಟಲಿ ಎರಡು ಇರಲಿ, ಒಂದನ್ನು ಪಕ್ಕದವರು ಕೇಳಿಯೇ ಕೇಳುತ್ತಾರೆ.